ಹಣ್ಣಿನ ಶೇಷವೂ ಹಸುವಿನ ಪಾಲೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಲಸಿನ ಹಣ್ಣು ಮಾಗುವ ಕಾಲವೂ ಮಳೆ ಹಿಡಿಯುವ ಕಾಲವೂ ಬಹುಮಟ್ಟಿಗೆ ಒಂದೇ. ಬೇಸಗೆಯ ಬಿಸಿಲಿನಲ್ಲಿಯೇ ಮುಗಿದುಹೋಗುವ ಮಾವಿನಂತಲ್ಲದೆ, ಜ್ಯೇಷ್ಠ ಆಷಾಢಗಳ ಜಡಿಮಳೆಯಲ್ಲಿ, ದನಗಳನ್ನು ಮೇವಿಗೆ ಹೊರಡಿಸಲಾಗದೆ ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಬೇಕಾದ ದಿನಗಳಲ್ಲಿಯೇ, ಈ ಹಣ್ಣು ರಾಶಿರಾಶಿಯಾಗಿ ಅಂಗಳಕ್ಕೆ ಬಂದು ಬೀಳುತ್ತಿತ್ತು. ಹತ್ತು ಕಿಲೋ ತೂಗುವ ಹಣ್ಣೊಂದನ್ನು ಸೀಳಿದರೆ ತಿನ್ನತಕ್ಕ ತೊಳೆ ಮೂರರಲ್ಲಿ ಒಂದು ಪಾಲನ್ನು ಮೀರುವುದು ಅಪೂರ್ವ. ಬೀಜವನ್ನು ಸೇರಿಸಿಕೊಂಡರೂ ಅರ್ಧವನ್ನು ಮುಟ್ಟುವುದು ಕಷ್ಟ. ಮಿಕ್ಕುದೆಲ್ಲ ಮುಳ್ಳುಸಿಪ್ಪೆ, ನಡುವಿನ ದಿಂಡು, ತೊಳೆಗಳ ಸಂದಿನಲ್ಲಿ ತುಂಬಿಕೊಂಡ ನಾರು. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುವವರು ಒಂದು ಕಡೆ ಕುಳಿತರೆ, ಇನ್ನೊಂದು ಕಡೆ ಮನೆಯ ಹಿರಿಯ ಹೆಂಗಸು ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಅದುಮಿಕೊಂಡು ಸಿಪ್ಪೆಯನ್ನು ಬೆರಳಗಲದ ತುಂಡುಗಳಾಗಿ ಹೆಚ್ಚುತ್ತಿದ್ದಳು. ದೊಡ್ಡ ತುಂಡು ದನದ ಗಂಟಲಿಗೆ ಸಿಕ್ಕಿಕೊಂಡೀತೆಂಬ ಎಚ್ಚರದಿಂದ ಹಾಗೆ ಹೆಚ್ಚಿದುದು, ಅಕ್ಕಿ ತೊಳೆದ ನೀರು, ಉಳಿದ ಗಂಜಿ, ತೌಡು, ಒಂದು ಹಿಡಿ ಉಪ್ಪು ಇವುಗಳೊಡನೆ ಬಾನಿಯನ್ನು ಸೇರಿ, ಮಲೆನಾಡಿಗರು ಅಕ್ಕಚ್ಚೆಂದೂ ಬಯಲುಸೀಮೆಯವರು ಕಲಗಚ್ಚೆಂದೂ ಹೇಳುವ ಆ ಪಾನವಾಗಿ, ಕರೆಯುವ ಹಸುವಿನ ಮುಂದೆ ಬಂದು ನಿಲ್ಲುತ್ತಿತ್ತು. ತೀರ ಕಳಿತ ತೊಳೆಯನ್ನು ಮಾತ್ರ ಆಕೆ ದನಕ್ಕೆ ಬುಟ್ಟಿಗಟ್ಟಲೆ ಸುರಿಯುತ್ತಿರಲಿಲ್ಲ. ಸುರಿದರೆ ಹೊಟ್ಟೆ ಉಬ್ಬರಿಸಿ ಹಸು ಮಲಗಿಬಿಡುವುದೆಂಬುದು ಅತ್ತೆಯಿಂದ ಸೊಸೆಗೆ ದಾಟಿ ಬಂದ ತಿಳಿವಳಿಕೆಯಾಗಿತ್ತು.

ನಮ್ಮ ದೇಶದ ಸಣ್ಣ ರೈತನ ಮನೆಯ ಹಸು, ತನಗಾಗಿಯೇ ಬಿತ್ತಿ ಬೆಳೆದ ಬೆಳೆಯೊಂದನ್ನು ಎಂದೂ ಉಂಡುದಲ್ಲ. ಹೊಲ ತೆನೆಯನ್ನು ಕೊಟ್ಟ ಮೇಲೆ ಉಳಿದ ಹುಲ್ಲು, ಗಾಣ ಎಣ್ಣೆಯನ್ನು ಕೊಟ್ಟ ಮೇಲೆ ಉಳಿದ ಹಿಂಡಿ, ಒರಳು ಅಕ್ಕಿಯನ್ನು ಕೊಟ್ಟ ಮೇಲೆ ಉಳಿದ ತೌಡು, ಮರ ಹಣ್ಣನ್ನು ಕೊಟ್ಟ ಮೇಲೆ ಉಳಿದ ಸಿಪ್ಪೆ ಬೀಜಗಳು: ಇವೇ ಅದರ ಅನ್ನ. ಇಂದು ಹಣ್ಣಿನ ತ್ಯಾಜ್ಯದಿಂದ ಅಗ್ಗದ ಪೂರಕ ಪಶು ಆಹಾರವನ್ನು ಸಿದ್ಧಪಡಿಸುವ ವಿಚಾರವನ್ನು ವಿಜ್ಞಾನಿಗಳು ಹೊಸ ಉಪಾಯವೆಂಬಂತೆ ಮುಂದಿಡುವಾಗ, ಇದು ದಾನವಾಗಿ ಬರುತ್ತಿರುವ ವಸ್ತುವಲ್ಲ, ಕಳೆದ ನೂರು ವರ್ಷಗಳಲ್ಲಿ ಒಂದೊಂದಾಗಿ ಕೈತಪ್ಪಿಹೋದ ಹಕ್ಕಿನ ಪಾಲಿನಲ್ಲಿ ಒಂದಂಶವು ಹಿಂದಿರುಗುತ್ತಿರುವ ಬಗೆ ಎಂದು ನಾನು ಎಣಿಸುತ್ತೇನೆ. ಆ ಪಾಲು ಹೇಗೆ ಕೈತಪ್ಪಿತೆಂಬುದನ್ನು ತಿಳಿಯದೆ ಅದನ್ನು ಹಿಂದಿರುಗಿಸುವ ದಾರಿಯೂ ತಿಳಿಯದು.

ರಾಜರ ಗೋಶಾಲೆಗಳ ಲೆಕ್ಕ ನಮಗೆ ಪ್ರಾಚೀನಕಾಲದಿಂದಲೂ ದೊರೆಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವು, ಭಾರವನ್ನೆಳೆಯುವ ಎತ್ತಿಗೆ ಹುಲ್ಲಿನೊಡನೆ ಒಂದು ತುಲಾ ಹಿಂಡಿ, ಹತ್ತು ಆಢಕ ತೌಡು, ಐದು ಪಲ ಉಪ್ಪು ಎಂದು ಅಳತೆಗಳನ್ನು ಗೊತ್ತುಮಾಡಿಕೊಟ್ಟಿದೆ. ಹಾಲು ಸಿಗದಿದ್ದಲ್ಲಿ ಬೆಲ್ಲವನ್ನೂ ಶುಂಠಿಯನ್ನೂ ಕೊಡಬಹುದೆಂಬ ಅನುಕಲ್ಪವೂ ಅಲ್ಲಿದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಆ ಪ್ರಸಿದ್ಧ ಗೋಸಮೂಹಕ್ಕೆ ರಾಜ್ಯದಾದ್ಯಂತ ಕಾವಲುಗಳೆಂಬ ಹುಲ್ಲುಗಾವಲುಗಳು ಮೀಸಲಾಗಿದ್ದವು. ಋತುವಿಗೆ ತಕ್ಕಂತೆ ದನಗಳು ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದವು. ಎರಡೆಕರೆಯ ಒಕ್ಕಲಿಗನಿಗೆ ಕಾವಲೂ ಇಲ್ಲ, ತುಲಾ ಆಢಕಗಳ ಉಗ್ರಾಣವೂ ಇಲ್ಲ. ಅವನ ಹಸುವನ್ನು ಬದುಕಿಸಿದುದು ಬೇಲಿಯ ಮರಗಳು ಮತ್ತು ಮನೆಯೊಡತಿಯ ಜಾಣ್ಮೆ. ಈ ಎರಡಕ್ಕೂ ಶಾಸನಗಳಲ್ಲಿ ಸ್ಥಾನ ದೊರೆಯಲಿಲ್ಲ.

ಬಯಲುಸೀಮೆಯಲ್ಲಿ ಹಲಸಿನ ಸ್ಥಾನವನ್ನು ಹುಣಸೆಯೂ ಮಾವೂ ತುಂಬಿದ್ದವು. ಹುಣಸೆಹಣ್ಣನ್ನು ಜಜ್ಜಿ ಬೀಜ ತೆಗೆಯುವ ಕೆಲಸ ಬೇಸಗೆಯಲ್ಲಿ ಮನೆಮನೆಯ ಜಗಲಿಯ ಮೇಲೆ ನಡೆಯುತ್ತಿದ್ದಾಗ, ಪಕ್ಕದಲ್ಲಿ ಬೀಳುತ್ತಿದ್ದ ಕಂದುಬೀಜದ ಗುಡ್ಡೆಯನ್ನು ಯಾರೂ ತಿಪ್ಪೆಗೆ ಎಸೆಯುತ್ತಿರಲಿಲ್ಲ. ಹುರಿದು, ಮೇಲಿನ ಒಗರು ಸಿಪ್ಪೆಯನ್ನು ಕುಟ್ಟಿ ಕಳೆದು, ರಾತ್ರಿ ನೆನೆಸಿ ಬೆಳಗ್ಗೆ ಬೇಯಿಸಿದರೆ ಅದು ಉಳುವ ಎತ್ತಿಗೆ ಹುರುಳಿಗೆ ಎರಡನೆಯದಾದ ಬಲದ ಆಹಾರ. ಹೀಗೆ ನೂರಾರು ವರ್ಷ ಎತ್ತಿನ ಪಾಲಾಗಿದ್ದ ಈ ಬೀಜಕ್ಕೆ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೇರೊಬ್ಬ ಗಿರಾಕಿ ಒದಗಿದನು. ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ, ಹುಣಸೆಬೀಜದ ತಿರುಳಿನ ಹಿಟ್ಟು ನೂಲಿಗೆ ಗಂಜಿ ಹಾಕಲು ಪಿಷ್ಟಕ್ಕೆ ಬದಲಾಗಿ ಒದಗುವುದೆಂಬುದು ಸಿದ್ಧವಾಯಿತು; ಹತ್ತಿಯ ಮತ್ತು ಸೆಣಬಿನ ಗಿರಣಿಗಳು ಅದನ್ನು ಬಯಸಿ ಕೊಳ್ಳತೊಡಗಿದವು. ಜಗಲಿಯ ಮೇಲಿನ ಬೀಜದ ಗುಡ್ಡೆಗೆ ಬೆಲೆ ಬಂದಿತು. ಬೆಲೆ ಬಂದ ಮೇಲೆ ಅದು ಚೀಲಕ್ಕೆ ಸೇರಿತು. ಚೀಲ ಸಂತೆಗೆ ಹೋಯಿತು. ಕಾಸು ಕಂಡ ಬಡವನನ್ನು ಇದಕ್ಕಾಗಿ ದೂರುವುದು ಅನ್ಯಾಯ. ಆದರೆ ಎತ್ತಿನ ಗೋದಲಿಯಲ್ಲಿ ಆ ಬೀಜ ಬಿಟ್ಟುಹೋದ ಜಾಗವನ್ನು ತುಂಬುವ ಚಿಂತೆಯನ್ನು ಗಿರಣಿಯಾಗಲಿ ಸರ್ಕಾರವಾಗಲಿ ಮಾಡಲಿಲ್ಲ.

ಹಿಂಡಿಯ ಕಥೆ ಇದಕ್ಕಿಂತ ದೊಡ್ಡದು, ಇದಕ್ಕಿಂತ ಶೋಚನೀಯವಾದುದು. ಗಾಣಿಗನ ಮನೆಯಲ್ಲಿ ಎತ್ತು ತಿರುಗಿ ಆಡಿದ ಗಾಣ ಎಣ್ಣೆಯನ್ನು ಪೂರ್ತಿಯಾಗಿ ಹಿಂಡಲಾರದು. ನೂರಕ್ಕೆ ಹತ್ತರಷ್ಟು ಎಣ್ಣೆ ಹಿಂಡಿಯಲ್ಲಿಯೇ ನಿಲ್ಲುತ್ತಿತ್ತು. ಎಳ್ಳನ್ನೋ ಹುಚ್ಚೆಳ್ಳನ್ನೋ ಕಡಲೆಕಾಯಿಯನ್ನೋ ಹೊತ್ತುಕೊಂಡು ಹೋದ ರೈತನು ಎಣ್ಣೆಯ ಗಡಿಗೆಯೊಡನೆ ಹಿಂಡಿಯ ಗಂಟನ್ನೂ ಮನೆಗೆ ತರುತ್ತಿದ್ದನು. ಯಂತ್ರದ ಗಿರಣಿಗಳು ಬಂದ ಮೇಲೆ ಬೀಜವೇ ಊರನ್ನು ಬಿಟ್ಟು ಹೋಯಿತು. ಬೀಜ ಹಡಗು ಹತ್ತಿದರೆ ಹಿಂಡಿಯೂ ಅದರೊಡನೆ ಹತ್ತಿದಂತೆಯೇ. ಲಿನ್‌ಲಿತ್‌ಗೋ ಪ್ರಭುವಿನ ಅಧ್ಯಕ್ಷತೆಯಲ್ಲಿ ಭಾರತದ ವ್ಯವಸಾಯವನ್ನು ಪರಿಶೀಲಿಸಿ 1928ರಲ್ಲಿ ವರದಿಯನ್ನೊಪ್ಪಿಸಿದ ರಾಜಮನ್ನಣೆಯ ಆಯೋಗದ ಮುಂದೆ, ಎಣ್ಣೆಬೀಜಗಳನ್ನೂ ಹಿಂಡಿಯನ್ನೂ ಹೊರದೇಶಕ್ಕೆ ಕಳುಹಿಸುವುದನ್ನು ತಡೆಯಬೇಕೆಂಬ ಬೇಡಿಕೆ ಬಂದಾಗ, ಅದರಿಂದ ಬೆಳೆಗಾರನಿಗೆ ಬೆಲೆನಷ್ಟವಾಗುವುದೆಂಬ ಕಾರಣವನ್ನು ಮುಂದಿಟ್ಟು ಆಯೋಗವು ನಿಷೇಧಕ್ಕೆ ಒಪ್ಪಲಿಲ್ಲ. ಸ್ವಾತಂತ್ರ್ಯಾನಂತರ ದ್ರಾವಕಗಳಿಂದ ಎಣ್ಣೆಯನ್ನು ಕೊನೆಯ ಹನಿಯವರೆಗೆ ಸೆಳೆಯುವ ಕಾರ್ಖಾನೆಗಳು ಹುಟ್ಟಿ, ವಿದೇಶೀ ವಿನಿಮಯದ ಆವಶ್ಯಕತೆ ದೇಶವನ್ನು ಕಾಡುತ್ತಿದ್ದಾಗ, ಆ ಒಣಹಿಂಡಿ ಮತ್ತೆ ಯೂರೋಪಿನ ದನಗಳ ಮೇವಾಗಿ ಸಾಗಿತು. ಕಬ್ಬಿನ ನಾಡಿನಲ್ಲಿಯೂ ಹೀಗೆಯೇ ಆಯಿತು: 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಆರಂಭವಾದುದು ಆ ಸೀಮೆಯ ಭಾಗ್ಯೋದಯವೇ ಸರಿ, ಆದರೆ ಸಕ್ಕರೆಯನ್ನು ತೆಗೆದ ಮೇಲೆ ಉಳಿಯುವ ಕಾಕಂಬಿ, ದನಕ್ಕೆ ಅಷ್ಟು ಪ್ರಿಯವೂ ಪುಷ್ಟಿಕರವೂ ಆದ ವಸ್ತು, ಮದ್ಯಸಾರದ ಭಟ್ಟಿಗೆ ಹರಿಯಿತಲ್ಲದೆ ಕಬ್ಬು ಬೆಳೆದವನ ಕೊಟ್ಟಿಗೆಗೆ ಹಿಂದಿರುಗಲಿಲ್ಲ.

ಈ ನಡುವೆ ಮೇವಿನ ಶಾಸ್ತ್ರವು ನಮ್ಮ ನಾಡಿನಲ್ಲಿಯೇ ಬೇರೂರಿತೆಂಬುದನ್ನು ಸಂತೋಷದಿಂದ ಹೇಳಬೇಕು. 1923ರಲ್ಲಿ ಬೆಂಗಳೂರಿನಲ್ಲಿ ಇಂಪೀರಿಯಲ್ ಪಶುಪಾಲನ ಮತ್ತು ಹೈನುಗಾರಿಕೆಯ ಸಂಸ್ಥೆ ಸ್ಥಾಪಿತವಾಯಿತು. 1927ರಲ್ಲಿ ದೇಹಸ್ಥಿತಿ ಸರಿಯಿಲ್ಲದೆ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿ ಪಡೆಯುತ್ತಿದ್ದ ಮಹಾತ್ಮಾ ಗಾಂಧಿಯವರು ಈ ಸಂಸ್ಥೆಗೆ ಬಂದು ಗೋಪಾಲನೆಯ ಪಾಠವನ್ನು ವಿದ್ಯಾರ್ಥಿಯಂತೆ ಕೇಳಿಕೊಂಡರು. ಅಲ್ಲಿ ಎಫ್. ಜೆ. ವಾರ್ತ್ ಎಂಬ ರಸಾಯನಜ್ಞರು ದಕ್ಷಿಣದೇಶದ ಹುಲ್ಲುಗಳನ್ನು ದನಗಳಿಗೆ ತಿನ್ನಿಸಿ, ತೂಗಿ, ಪರೀಕ್ಷಿಸಿದರು. ಆ ಬಳಿಕ ಇಜ್ಜತ್‌ನಗರದಲ್ಲಿ ಕೆ. ಸಿ. ಸೇನರು ಭಾರತದ ಮೇವುಗಳ ಪೌಷ್ಟಿಕ ಮೌಲ್ಯಗಳನ್ನು ಕೋಷ್ಟಕಗಳಾಗಿ ಕ್ರೋಡೀಕರಿಸಿದರು. ಭತ್ತದ ಹುಲ್ಲಿನಲ್ಲಿ ಸಸಾರಜನಕವು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರವೆಂದೂ, ಅದರಲ್ಲಿ ಹಸುವಿನ ಮೈಗೆ ಹತ್ತುವುದು ಇಲ್ಲವೆಂಬಷ್ಟು ಕಡಿಮೆಯೆಂದೂ, ರಾಗಿಹುಲ್ಲು ಅದಕ್ಕಿಂತ ಎಷ್ಟೋ ಮೇಲೆಂದೂ ಸಂಖ್ಯೆಗಳೇ ನುಡಿದವು. ಬಯಲುಸೀಮೆಯ ರೈತನು ರಾಗಿಯ ಬಣವೆಯನ್ನು ಭತ್ತದ ಬಣವೆಗಿಂತ ಜೋಪಾನವಾಗಿ ಒಟ್ಟುತ್ತಿದ್ದುದರ ಮರ್ಮ ಹೀಗೆ ಪ್ರಯೋಗಶಾಲೆಯಲ್ಲಿಯೂ ಸ್ಥಿರಪಟ್ಟಿತು. ಮಾವಿನ ಗೊರಟೆಯ ತಿರುಳನ್ನು ಕುರಿತು ಮುಂದೆ ಬಹಳ ಸಂಶೋಧನೆಗಳು ನಡೆದವು. ಅದರಲ್ಲಿ ಪಿಷ್ಟವೂ ಕೊಬ್ಬೂ ಸಮೃದ್ಧವಾಗಿದ್ದು, ಟ್ಯಾನಿನ್ ಎಂಬ ಒಗರಿನ ಅಂಶವು ಮಾತ್ರ ಅಡ್ಡಿಯಾಗುವುದೆಂದೂ, ಒಣಗಿಸಿ ಪುಡಿಮಾಡಿ ಧಾನ್ಯದ ಒಂದು ಭಾಗಕ್ಕೆ ಬದಲಾಗಿ ಮಿತವಾಗಿ ಬೆರೆಸಿದರೆ ಹಾನಿಯಿಲ್ಲವೆಂದೂ ತಿಳಿದುಬಂದಿತು. ಬರಗಾಲಗಳಲ್ಲಿ ಮನುಷ್ಯರೇ ಆ ಗೊರಟೆಯನ್ನು ಕುಟ್ಟಿ ಹಿಟ್ಟುಮಾಡಿ ತಿಂದು ಜೀವ ಹಿಡಿದುಕೊಂಡ ದೇಶ ನಮ್ಮದು. ಬೆಂಗಳೂರಿನ ಆ ಹೈನುಗಾರಿಕೆಯ ಸಂಸ್ಥೆಯ ಪ್ರಧಾನ ಪೀಠವು 1955ರಲ್ಲಿ ಕರ್ನಾಲಿಗೆ ವರ್ಗವಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ನೆಲೆಗೊಂಡಾಗ ಆ ವಿದ್ಯೆ ಇಲ್ಲಿ ಮತ್ತೆ ಚಿಗುರಿತು.

ಹಣ್ಣಿನ ತ್ಯಾಜ್ಯವು ಮನೆಯ ಅಂಗಳವನ್ನು ಬಿಟ್ಟು ಕಾರ್ಖಾನೆಯ ಹಿತ್ತಿಲಿಗೆ ಹೋದುದು ಈ ಕಾಲದಲ್ಲಿಯೇ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವು ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶಕತ್ವದಲ್ಲಿ ಕಾರ್ಯಾರಂಭ ಮಾಡಿ, ಹಣ್ಣನ್ನು ಡಬ್ಬಿಗಳಲ್ಲಿ ಕೆಡದಂತೆ ಕಾಪಾಡುವ ವಿದ್ಯೆಯನ್ನು ದೇಶದಲ್ಲಿ ಹರಡಿತು. ಮಾವಿನ ರಸ ತೆಗೆಯುವ ಕಾರ್ಖಾನೆಗಳು ಕೋಲಾರದ ನೆರೆಯ ಚಿತ್ತೂರು ಕೃಷ್ಣಗಿರಿಗಳಲ್ಲಿ ಬೆಳೆದವು. ಶ್ರೀನಿವಾಸಪುರದ ಮಾವು ಲಾರಿಗಳಲ್ಲಿ ಅತ್ತ ಸಾಗಿತು. ಬನವಾಸಿ ಸೀಮೆಯ ಗುಡ್ಡಗಳ ಮೇಲೆ, ಬಹುಮಟ್ಟಿಗೆ ಕೇರಳದಿಂದ ಬಂದು ಭೂಮಿಯನ್ನು ಗೇಣಿಗೆ ಹಿಡಿದವರ ಉದ್ಯಮದಿಂದ, ಅನಾನಸಿನ ತೋಟಗಳು ಹಬ್ಬಿದವು. ಅನಾನಸನ್ನು ಹೋಳುಮಾಡಿ ಡಬ್ಬಿಗೆ ತುಂಬುವಲ್ಲಿ ಜುಟ್ಟು, ಸಿಪ್ಪೆ, ನಡುದಿಂಡು ಎಂದು ಹಣ್ಣಿನ ಅರ್ಧದಷ್ಟು ತೂಕ ಹೊರಬೀಳುತ್ತದೆ. ಕರಾವಳಿಯಲ್ಲಿ ಗೇರುಬೀಜಕ್ಕಿಂತ ಎಷ್ಟೋ ಪಾಲು ಹೆಚ್ಚು ತೂಗುವ ಗೇರುಹಣ್ಣು, ಗೋವೆಯಲ್ಲಿ ಫೆನಿಗೆ ಒದಗುವಂತೆ ಇಲ್ಲಿ ಒದಗದೆ, ಮರದ ಬುಡದಲ್ಲಿಯೇ ಕೊಳೆತು ಹೋಗುತ್ತದೆ. ಮನೆಯಲ್ಲಿ ದಿನಕ್ಕೆ ಒಂದು ಬುಟ್ಟಿಯಾಗಿ ಬರುತ್ತಿದ್ದಾಗ ಸಂಪತ್ತೆನಿಸಿದ ಸಿಪ್ಪೆ, ಒಂದೆಡೆಯಲ್ಲಿ ಹತ್ತಾರು ಟನ್ನುಗಳಾಗಿ ಬಿದ್ದಾಗ ಉಪದ್ರವವಾಯಿತು. ಎರಡು ದಿನದಲ್ಲಿ ಹುಳಿತು, ನೊಣ ಮುತ್ತಿ, ಹಳ್ಳದ ನೀರನ್ನು ಕೆಡಿಸುವ ಆ ರಾಶಿಗೂ, ಅಲ್ಲಿಂದ ಐದಾರು ಮೈಲಿ ದೂರದಲ್ಲಿ ಒಣಹುಲ್ಲನ್ನು ಅಗಿಯುತ್ತ ಸೊರಗಿದ ಹಸುವಿಗೂ ನಡುವೆ ಇದ್ದುದು ದಾರಿಯ ದೂರಕ್ಕಿಂತ ಹೆಚ್ಚಾಗಿ ಕಾಲದ ದೂರ: ಕೆಡುವುದಕ್ಕೆ ಮುಂಚೆ ಅದನ್ನು ಮುಟ್ಟಿಸುವುದು ಹೇಗೆ?

ಅಮೆರಿಕದ ಫ್ಲಾರಿಡಾದವರು ಇದೇ ಪ್ರಶ್ನೆಗೆ 1930ರ ದಶಕದಲ್ಲಿ ಒಂದು ಉತ್ತರವನ್ನು ಕಂಡುಕೊಂಡಿದ್ದರು. ಕಿತ್ತಳೆಯ ರಸ ತೆಗೆದು ಉಳಿದ ಸಿಪ್ಪೆಗೆ ಸ್ವಲ್ಪ ಸುಣ್ಣವನ್ನು ಬೆರೆಸಿದರೆ ಅದರ ಅಂಟುಗುಣ ಮುರಿದು ನೀರು ಬಿಡುತ್ತದೆ. ಆಗ ಅದನ್ನು ಹಿಂಡಿ, ದೊಡ್ಡ ಉರುಳೆಗಳಲ್ಲಿ ಬಿಸಿಗಾಳಿಯಿಂದ ಒಣಗಿಸಿ, ಚೀಲ ತುಂಬಿ ಹಾಲುಗಾರರಿಗೆ ಮಾರಿದರು. ಅದು ಸಿರಿವಂತರ ಉತ್ತರ. ನೂರಕ್ಕೆ ಎಂಬತ್ತು ಪಾಲು ನೀರೇ ಇರುವ ವಸ್ತುವನ್ನು ಇಂಧನ ಉರಿಸಿ ಒಣಗಿಸಿದರೆ ಆ ಮೇವು ನಮ್ಮ ಸಣ್ಣ ರೈತನ ಕೈಗೆಟುಕುವ ಬೆಲೆಯಲ್ಲಿ ಉಳಿಯದು. ಬಿಸಿಲಿನಲ್ಲಿ ಒಣಗಿಸೋಣವೆಂದರೆ ಹಲಸು ಮಳೆಗಾಲದ ಹಣ್ಣು. ನಮಗೆ ಒಗ್ಗುವ ಉತ್ತರ ರಸಮೇವಿನದು, ಎಂದರೆ ಸೈಲೇಜಿನದು. ಫ್ರಾನ್ಸಿನ ಆಗಸ್ಟ್ ಗೋಫಾರ್ ಎಂಬ ಜಮೀನುದಾರರು ಹಸಿ ಮುಸುಕಿನ ಜೋಳದ ದಂಟನ್ನು ಗುಂಡಿಯಲ್ಲಿ ಅದುಮಿಟ್ಟು ಕಾಪಾಡುವ ಕ್ರಮವನ್ನು ವರ್ಷಗಟ್ಟಲೆ ಪ್ರಯೋಗಿಸಿ 1877ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ ಆ ವಿದ್ಯೆ ಲೋಕವ್ಯಾಪಿಯಾಯಿತು. ಭಾರತದಲ್ಲಿ ಅದನ್ನು ಮೊದಲು ಬಳಸಿಕೊಂಡುದು ಸೇನೆಯ ಹುಲ್ಲುಗಾವಲುಗಳೂ ದೊಡ್ಡ ಫಾರಮುಗಳೂ. ಸಣ್ಣ ರೈತನಿಗೆ ಗುಂಡಿ ತುಂಬುವಷ್ಟು ಹಸಿಮೇವು ಒಮ್ಮೆಗೇ ಸಿಗುತ್ತಿರಲಿಲ್ಲವಾದುದರಿಂದ ಆ ವಿದ್ಯೆ ಅವನ ಹೊಸ್ತಿಲನ್ನು ದಾಟಲಿಲ್ಲ. ಆಡುಗೋಡಿಯ ಸಂಸ್ಥೆಯವರು ಅನಾನಸಿನ ಶೇಷವನ್ನು ಇದೇ ರೀತಿಯಲ್ಲಿ ರಸಮೇವಾಗಿಸಿ ಹಸುಗಳಿಗೂ ಕುರಿಗಳಿಗೂ ತಿನ್ನಿಸಿ ತೋರಿಸಿದಾಗ, ಹಳೆಯ ವಿದ್ಯೆಗೂ ಹಳೆಯ ವಾಡಿಕೆಗೂ ಮೊದಲ ಸಲ ಸಂಬಂಧ ಕೂಡಿತು.

ಅದರ ಕ್ರಮ ಯಾರೂ ಮಾಡಬಹುದಾದಷ್ಟು ಸರಳ. ಅನಾನಸಿನ ಜುಟ್ಟನ್ನೂ ಸಿಪ್ಪೆಯನ್ನೂ ಹೊರಬಿದ್ದ ದಿನವೇ ತಂದು, ಹೆಬ್ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ, ನೆರಳಿನಲ್ಲಿ ಹರಡಿ ಸ್ವಲ್ಪ ಬಾಡಿಸಬೇಕು. ಒಂದು ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿದರೆ ಬೆರಳುಗಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಕೈ ಬಿಟ್ಟರೆ ಉಂಡೆ ಮೆಲ್ಲಗೆ ಬಿಚ್ಚಿಕೊಳ್ಳಬೇಕು. ನೀರು ಹೆಚ್ಚೆನಿಸಿದರೆ ಕತ್ತರಿಸಿದ ರಾಗಿಹುಲ್ಲನ್ನೋ ಜೋಳದ ಸಪ್ಪೆಯನ್ನೋ ಬೆರೆಸಿದರಾಯಿತು. ಬಳಿಕ ಪ್ಲಾಸ್ಟಿಕ್ ಪೀಪಾಯಿಗೋ ದಪ್ಪ ಚೀಲಕ್ಕೋ ಗೇಣು ಗೇಣಿನ ಪದರವಾಗಿ ಹಾಕುತ್ತ, ಪ್ರತಿಯೊಂದು ಪದರವನ್ನೂ ತುಳಿದು ಗಾಳಿಯನ್ನು ಹೊರದೂಡಿ, ಬಾಯಿಯನ್ನು ಭದ್ರವಾಗಿ ಕಟ್ಟಿ ಮೂರು ವಾರ ಮುಟ್ಟದೆ ಇಡಬೇಕು. ಗಾಳಿಯಿಲ್ಲದ ಆ ಕತ್ತಲೆಯಲ್ಲಿ ಹಣ್ಣಿನ ಸಕ್ಕರೆಯನ್ನು ಸೂಕ್ಷ್ಮಾಣುಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮನೆಯ ಉಪ್ಪಿನಕಾಯಿಯ ಭರಣಿಯಂತೆ ಆ ಹುಳಿಯೇ ಅದನ್ನು ಕೆಡದಂತೆ ಕಾಯುತ್ತದೆ. ತೆರೆದಾಗ ಹೊಂಬಣ್ಣವೂ ಹಿತವಾದ ಹುಳಿಗಂಪೂ ಇದ್ದರೆ ಮೇವು ಸಿದ್ಧವಾಗಿದೆ. ಕಪ್ಪಾಗಿ ನಾರುತ್ತಿದ್ದರೆ, ಬೂಸಲು ಹಿಡಿದಿದ್ದರೆ, ಎಷ್ಟೇ ನಷ್ಟವಾದರೂ ಅದನ್ನು ಗೊಬ್ಬರದ ಗುಂಡಿಗೆ ಸುರಿಯಬೇಕೇ ಹೊರತು ದನದ ಮುಂದೆ ಇಡಬಾರದು.

ಈ ಮೇವಿನ ಮಿತಿಯನ್ನು ಮರೆಮಾಚಿ ಹೊಗಳುವುದು ರೈತನಿಗೆ ಬಗೆದ ದ್ರೋಹ. ಹಣ್ಣಿನ ಶೇಷದಲ್ಲಿ ಇರುವುದು ಶಕ್ತಿ. ಸಸಾರಜನಕ ಬಹಳ ಕಡಿಮೆ. ಅದೊಂದನ್ನೇ ನಂಬಿದರೆ ಹಾಲು ಇಳಿಯುತ್ತದೆ, ಕರು ಬಡವಾಗುತ್ತದೆ. ಆದುದರಿಂದ ಅದರೊಡನೆ ಹಿಂಡಿಯೋ, ಅದಕ್ಕೆ ಗತಿಯಿಲ್ಲದಿದ್ದರೆ ಬೇಲಿಯ ಗ್ಲಿರಿಸಿಡಿಯಾ, ನುಗ್ಗೆ, ಅಗಸೆ ಇವುಗಳ ಸೊಪ್ಪೋ, ಖನಿಜಗಳ ಮಿಶ್ರಣವೂ ಉಪ್ಪೂ ಸೇರಲೇಬೇಕು. 1980ರ ದಶಕದ ಆರಂಭದಲ್ಲಿ ಆನಂದದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು ಆಸ್ಟ್ರೇಲಿಯದ ವಿಜ್ಞಾನಿ ಆರ್. ಎ. ಲೆಂಗ್ ಅವರ ನೆರವಿನಿಂದ ಕಾಕಂಬಿ ಯೂರಿಯಾಗಳನ್ನು ಗಟ್ಟಿಮಾಡಿ ದನವು ನೆಕ್ಕುವ ಇಟ್ಟಿಗೆಯನ್ನು ರೂಪಿಸಿದುದು ಇದೇ ಕೊರತೆಯನ್ನು ತುಂಬುವ ಯತ್ನವಾಗಿತ್ತು. ರಸಮೇವನ್ನು ಮೊದಲ ವಾರ ದಿನಕ್ಕೆ ಎರಡು ಮೂರು ಕಿಲೋ ಮಾತ್ರ ಕೊಟ್ಟು, ಒಣಹುಲ್ಲನ್ನು ಎಂದಿನಂತೆ ಹಾಕುತ್ತ, ಕ್ರಮೇಣ ಹೆಚ್ಚಿಸಬೇಕು; ಸಕ್ಕರೆ ತುಂಬಿದ ವಸ್ತು ಒಮ್ಮೆಗೇ ಹೊಟ್ಟೆಗಿಳಿದರೆ ಅದರೊಳಗೆ ಆಮ್ಲ ಹೆಚ್ಚಿ ಪ್ರಾಣಾಪಾಯವಾದೀತು. ಮದುವೆಯ ಮನೆಯ ಉಳಿದ ಅನ್ನ ಪಾಯಸವನ್ನು ಪ್ರೀತಿಯಿಂದ ತಿನ್ನಿಸಿ ಹಸುವನ್ನು ಕಳೆದುಕೊಂಡ ಮನೆಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ಔಷಧಿ ಸಿಂಪಡಿಸಿದ ತೋಟದ ಸಿಪ್ಪೆಯಾದರೆ ತೊಳೆಯದೆ ಮುಟ್ಟಬಾರದು.

ಕರ್ನಾಟಕದಲ್ಲಿ 1974ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮವೂ, 1984ರಲ್ಲಿ ಹಾಲು ಮಹಾಮಂಡಲವೂ ಬಂದ ಮೇಲೆ ಹಳ್ಳಿಹಳ್ಳಿಗೂ ಹಾಲಿನ ಡೇರಿ ಮುಟ್ಟಿತು. ಬೆಳಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಹೆಂಗಸರ ಕೈಗೆ, ಹಿಂದೆಂದೂ ಇರದಿದ್ದ ರೊಕ್ಕ ಬಂದಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಮಿಶ್ರತಳಿಯ ಹಸು ಕಲಗಚ್ಚಿನಿಂದ ತೃಪ್ತಿಪಡುವ ಪ್ರಾಣಿಯಲ್ಲ. ಅದಕ್ಕೆ ಚೀಲದ ಪಶು ಆಹಾರ ಬೇಕು, ಹಿಂಡಿ ಬೂಸಾ ಬೇಕು. ಹಾಲು ಉತ್ಪಾದನೆಯ ವೆಚ್ಚದಲ್ಲಿ ನೂರಕ್ಕೆ ಅರುವತ್ತು ಎಪ್ಪತ್ತು ಪಾಲು ಮೇವಿನದೇ ಎಂಬುದು ಹೈನುಗಾರಿಕೆಯವರೆಲ್ಲ ಒಪ್ಪಿದ ಲೆಕ್ಕ. ಒಂದು ಕಾಲಕ್ಕೆ ತನ್ನ ಗಾಣದಿಂದಲೂ ತನ್ನ ಮರದಿಂದಲೂ ಬರುತ್ತಿದ್ದುದನ್ನು ರೈತನು ಇಂದು ಅಂಗಡಿಯಿಂದ ಸಾಲವಾಗಿ ತಂದು, ಹಾಲಿನ ಬಟವಾಡೆಯ ದಿನ ತೀರಿಸುತ್ತಾನೆ. ಆ ಚೀಲದ ಒಂದು ಪಾಲನ್ನಾದರೂ ಹಣ್ಣಿನ ರಸಮೇವು ಉಳಿಸುವುದಾದರೆ, ಎರಡು ಹಸುವಿನ ಮನೆಯಲ್ಲಿ ಅದು ಮಕ್ಕಳ ಶಾಲೆಯ ಖರ್ಚಿಗೆ ಒದಗುವ ಹಣ.

ಹುಣಸೆಬೀಜಕ್ಕೂ ಕಾಕಂಬಿಗೂ ಆದುದು ಹಣ್ಣಿನ ಸಿಪ್ಪೆಗೂ ಆಗುವ ಸಂಭವ ಈಗಾಗಲೇ ಕಾಣುತ್ತಿದೆ; ಸಿಪ್ಪೆಯಿಂದ ಪೆಕ್ಟಿನ್ ತೆಗೆಯುವವರೂ ಗೊರಟೆಯಿಂದ ಕೊಬ್ಬು ತೆಗೆಯುವವರೂ ಅದಕ್ಕೆ ಬೆಲೆ ಕಟ್ಟತೊಡಗಿದ್ದಾರೆ. ಅದಕ್ಕೆ ಮುಂಚೆಯೇ ಆಗಬೇಕಾದ ಕೆಲಸವೊಂದುಂಟು. ಹಣ್ಣಿನ ಕಾರ್ಖಾನೆಗಳ ಒಡೆಯರಲ್ಲಿಯೂ ನಗರದ ಹಣ್ಣಿನ ಮಂಡಿಗಳವರಲ್ಲಿಯೂ ನನ್ನ ಬಿನ್ನಹವಿಷ್ಟೆ: ದಿನದ ಶೇಷವನ್ನು ಕೊಳೆಯಲು ಬಿಡದೆ, ಮಣ್ಣೂ ಪ್ಲಾಸ್ಟಿಕ್ಕೂ ಬೆರೆಯದಂತೆ ಬೇರೆಯಾಗಿ ಇಟ್ಟು, ಸಂಜೆಯೊಳಗೆ ಹತ್ತಿರದ ಹಾಲು ಉತ್ಪಾದಕರ ಸಂಘಕ್ಕೆ ಒಪ್ಪಿಸಿರಿ. ಸಂಘಗಳವರು ಒಂದು ಕತ್ತರಿಸುವ ಯಂತ್ರವನ್ನೂ ಒಂದು ಗುಂಡಿಯನ್ನೂ ಸಿದ್ಧವಾಗಿಡಲಿ. ಹಾಲಿನ ಲಾರಿ ಖಾಲಿ ಹಿಂದಿರುಗುವ ದಾರಿಯಲ್ಲಿಯೇ ಆ ಮೇವು ಊರು ಸೇರಲಿ. ಒಂದು ಘನಮೀಟರು ಗುಂಡಿಯಲ್ಲಿ ಐದುನೂರು ಆರುನೂರು ಕಿಲೋ ರಸಮೇವು ಹಿಡಿಯುತ್ತದೆ. ದಿನಕ್ಕೆ ಹತ್ತು ಕಿಲೋವಿನಂತೆ ಅದು ಒಂದು ಹಸುವಿಗೆ ಐವತ್ತು ಅರುವತ್ತು ದಿನಗಳ ಪೂರಕ ಆಹಾರ.